ಬೀಗದ ಕೈ ಯಾರಲ್ಲಿ, ಗಂಟೆ ಯಾರಿಗೆ?

ಉಗ್ರಾಣಕ್ಕೆ ಕಾವಲುಗಾರನನ್ನು ನೇಮಿಸುವಾಗ ನಮ್ಮ ವರ್ತಕರು ಎರಡು ಸಂಗತಿಗಳನ್ನು ತಪ್ಪದೆ ತೀರ್ಮಾನಿಸುತ್ತಾರೆ. ಬೀಗದ ಕೈ ಯಾರ ಬಳಿ ಇರಬೇಕೆಂಬುದು ಒಂದು. ರಾತ್ರಿ ಅನಾಹುತವಾದರೆ ಕಾವಲುಗಾರನು ಯಾರನ್ನು ಎಬ್ಬಿಸಬೇಕೆಂಬುದು ಇನ್ನೊಂದು. ಆದರೆ ಅದೇ ವರ್ತಕರು ತಮ್ಮ ಕಚೇರಿಯ ಗಣಕಜಾಲಕ್ಕೆ ನಿಗಾ ತಂತ್ರಾಂಶವನ್ನು ಅಳವಡಿಸಿಕೊಳ್ಳುವಾಗ ಈ ಎರಡು ಪ್ರಶ್ನೆಗಳನ್ನೂ ಅಳವಡಿಸಲು ಬಂದ ತಂತ್ರಜ್ಞರಿಗೇ ಬಿಟ್ಟುಬಿಡುತ್ತಾರೆ. ಈ ತೀರ್ಮಾನಗಳು ಉದ್ಯಮದ ಒಡೆಯರವೇ ಆಗಿರತಕ್ಕದ್ದು ಎಂಬುದು ನನ್ನ ಖಚಿತ ಅಭಿಪ್ರಾಯ.

ನಿಗಾ ತಂತ್ರಾಂಶದ ಕೆಲಸ ಸರಳವಾದುದು. ಸರ್ವರ್, ಸ್ವಿಚ್, ರೂಟರ್, ಯುಪಿಎಸ್ ಮೊದಲಾದ ಉಪಕರಣಗಳ ಯೋಗಕ್ಷೇಮವನ್ನು ಅದು ಕೆಲವು ನಿಮಿಷಗಳಿಗೊಮ್ಮೆ ವಿಚಾರಿಸುತ್ತದೆ. ಉತ್ತರ ಬಾರದಿದ್ದರೆ, ಅಥವಾ ನಿಗದಿತ ಮಿತಿ ಮೀರಿದರೆ, ಎಚ್ಚರಿಕೆಯ ಸಂದೇಶವನ್ನು ಕಳುಹಿಸುತ್ತದೆ. ನಾಗಿಯೋಸ್ ಕೋರ್, ಜಾಬಿಕ್ಸ್ ಮುಂತಾದವು ಉಚಿತವಾಗಿಯೇ ದೊರೆಯುತ್ತವೆ. ಚೆನ್ನೈನ ಜೋಹೋ ಸಂಸ್ಥೆಯ ಆಪ್‌ಮ್ಯಾನೇಜರ್‌ನಂಥವು ಹಣಕ್ಕೆ ಸಿಗುತ್ತವೆ. ಯಾವುದನ್ನು ಕೊಂಡರೂ ಅದರ ಬೆಲೆ ನಿರ್ಧಾರವಾಗುವುದು ಮೇಲಿನ ಎರಡು ಪ್ರಶ್ನೆಗಳಿಗೆ ನಾವು ಕೊಡುವ ಉತ್ತರದಿಂದ.

ಉದಾಹರಣೆಗೆ ಅಮೆರಿಕದ ಬೃಹತ್ ಚಿಲ್ಲರೆ ವ್ಯಾಪಾರ ಸಂಸ್ಥೆ ಟಾರ್ಗೆಟ್‌ನ ಪ್ರಕರಣವನ್ನು ನೋಡಬಹುದು. 2013ರ ನವೆಂಬರ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ ಅಲ್ಲಿಂದ ಸುಮಾರು 4 ಕೋಟಿ ಕಾರ್ಡುಗಳ ವಿವರ ಕಳುವಾಯಿತು; ಸುಮಾರು 7 ಕೋಟಿ ಗ್ರಾಹಕರ ಹೆಸರು, ವಿಳಾಸಗಳಂಥ ಮಾಹಿತಿಯೂ ಹೋಯಿತು. ಕಳ್ಳರು ಒಳಹೊಕ್ಕಿದ್ದು ಶೈತ್ಯೀಕರಣ ಮತ್ತು ಹವಾನಿಯಂತ್ರಣದ ಗುತ್ತಿಗೆದಾರನೊಬ್ಬನಿಗೆ ಬಿಲ್ ಸಲ್ಲಿಕೆಯೇ ಮೊದಲಾದ ಕೆಲಸಗಳಿಗಾಗಿ ಕೊಟ್ಟಿದ್ದ ಪ್ರವೇಶದ ಮೂಲಕ. ಬಿಲ್ ಕೊಡಲು ತೆರೆದಿಟ್ಟ ಬಾಗಿಲಿನಿಂದ ಅವರು ಗಲ್ಲಾಪೆಟ್ಟಿಗೆಯ ಯಂತ್ರಗಳವರೆಗೂ ನಡೆದುಹೋದರು.

ಗಂಟೆ ಬಾರಿಸಲಿಲ್ಲವೆಂದಲ್ಲ. 2014ರಲ್ಲಿ ಪ್ರಕಟವಾದ ಪತ್ರಿಕಾ ವರದಿಗಳ ಪ್ರಕಾರ, ಆ ಸಂಸ್ಥೆಯ ಭದ್ರತಾ ತಂತ್ರಾಂಶವು ಕಳ್ಳರ ಕೈವಾಡವನ್ನು ಗುರುತಿಸಿತ್ತು. ನಮ್ಮ ಬೆಂಗಳೂರಿನಲ್ಲಿಯೇ ಕುಳಿತಿದ್ದ ನಿಗಾ ತಂಡವು ಅದನ್ನು ಗಮನಿಸಿ ಮಿನಿಯಾಪೊಲಿಸ್‌ನ ಕೇಂದ್ರಕ್ಕೆ ತಿಳಿಸಿಯೂ ಇತ್ತು. ಅಲ್ಲಿ ಸಕಾಲದಲ್ಲಿ ಕ್ರಮ ಜರುಗಲಿಲ್ಲ. 2014ರ ಮೇ ತಿಂಗಳಲ್ಲಿ ಮುಖ್ಯ ಕಾರ್ಯನಿರ್ವಾಹಕರು ಹುದ್ದೆ ತೊರೆದರು. 2017ರಲ್ಲಿ 47 ರಾಜ್ಯಗಳೊಡನೆ ಮಾಡಿಕೊಂಡ ಒಪ್ಪಂದದಂತೆ ಸಂಸ್ಥೆಯು 1.85 ಕೋಟಿ ಡಾಲರ್ ತೆರಬೇಕಾಯಿತು. ಹಣಕ್ಕಾಗಲಿ, ತಂತ್ರಾಂಶಕ್ಕಾಗಲಿ, ನಿಷ್ಠಾವಂತ ಸಿಬ್ಬಂದಿಗಾಗಲಿ ಅಲ್ಲಿ ಕೊರತೆಯಿರಲಿಲ್ಲ. ಬೀಗದ ಕೈ ಬೇಡದವರವರೆಗೆ ತಲುಪಿತ್ತು. ಗಂಟೆಯ ಸದ್ದು ಬೇಕಾದವರನ್ನು ಎಬ್ಬಿಸಲಿಲ್ಲ.

ಮೊದಲು ಬೀಗದ ಕೈಯ ವಿಚಾರ. ನಮ್ಮ ಅನೇಕ ಕಚೇರಿಗಳಲ್ಲಿ ನಿಗಾ ತಂತ್ರಾಂಶಕ್ಕೆ ‘ಅಡ್ಮಿನ್’ ಎಂಬ ಒಂದೇ ಖಾತೆ, ಎಲ್ಲರಿಗೂ ಒಂದೇ ಪಾಸ್‌ವರ್ಡ್. ಅದು ಈಗಿರುವ ತಂತ್ರಜ್ಞರಿಗೂ ಗೊತ್ತು, ಕೆಲಸ ಬಿಟ್ಟುಹೋದವರಿಗೂ ಗೊತ್ತು, ಸರ್ವರ್ ಮಾರಿದ ಏಜೆನ್ಸಿಯ ಹುಡುಗರಿಗೂ ಗೊತ್ತು. ಎಲ್ಲ ಉಪಕರಣಗಳನ್ನೂ ವಿಚಾರಿಸಬೇಕಾದ ಈ ತಂತ್ರಾಂಶದಲ್ಲಿ ಅವುಗಳ ವಿಳಾಸ, ನಕ್ಷೆ, ಅನೇಕ ವೇಳೆ ಪಾಸ್‌ವರ್ಡ್‌ಗಳೂ ಶೇಖರವಾಗಿರುತ್ತವೆ. ಇದು ಬೀಗದ ಕೈಗಳ ಗೊಂಚಲನ್ನೇ ತೂಗುಹಾಕಿದ ಗೂಟವೆಂಬುದನ್ನು ಮರೆಯಬಾರದು. 2020ರಲ್ಲಿ ಬೆಳಕಿಗೆ ಬಂದ ಸೋಲಾರ್‌ವಿಂಡ್ಸ್ ಪ್ರಕರಣದಲ್ಲಿ ಒರಾಯನ್ ಎಂಬ ನಿಗಾ ತಂತ್ರಾಂಶದ ಪರಿಷ್ಕೃತ ಆವೃತ್ತಿಯೊಳಗೇ ದುಷ್ಟ ಸಂಕೇತವನ್ನು ಸೇರಿಸಲಾಗಿತ್ತು. ಸುಮಾರು 18,000 ಗ್ರಾಹಕರಿಗೆ ಅದು ತಲುಪಿರಬಹುದೆಂದು ಆ ಸಂಸ್ಥೆಯೇ ತಿಳಿಸಿತು. ಕಾವಲುಗಾರನ ಮೇಲೂ ಕಣ್ಣಿರಬೇಕೆಂಬ ಪಾಠ ಅದು.

ಆದ್ದರಿಂದ ಪ್ರತಿಯೊಬ್ಬರಿಗೂ ಅವರವರ ಹೆಸರಿನಲ್ಲಿಯೇ ಖಾತೆ ಇರಲಿ. ನೋಡುವ ಅಧಿಕಾರ, ಸಂದೇಶವನ್ನು ಸ್ವೀಕರಿಸಿದೆನೆಂದು ಒಪ್ಪಿಕೊಳ್ಳುವ ಅಧಿಕಾರ, ಬದಲಾಯಿಸುವ ಅಧಿಕಾರ ಇವು ಮೂರೂ ಬೇರೆಬೇರೆಯಾಗಿರಲಿ. ಲೆಕ್ಕಪತ್ರ ವಿಭಾಗದವರಿಗೆ ತಮ್ಮ ಸರ್ವರಿನ ಸ್ಥಿತಿ ಕಂಡರೆ ಸಾಕು. ಹೊರಗಿನ ಏಜೆನ್ಸಿಯ ಖಾತೆಯನ್ನು ಕೆಲಸವಿರುವಷ್ಟು ಹೊತ್ತು ತೆರೆದು, ಮುಗಿದೊಡನೆ ಮುಚ್ಚಬೇಕು. ನೌಕರರು ಕೆಲಸ ಬಿಡುವ ದಿನ ಗುರುತಿನ ಚೀಟಿಯನ್ನು ಹಿಂಪಡೆಯುವಂತೆಯೇ ಖಾತೆಯನ್ನೂ ರದ್ದುಮಾಡಬೇಕು. ಪರಮಾಧಿಕಾರದ ಪಾಸ್‌ವರ್ಡನ್ನು ಮೊಹರು ಮಾಡಿದ ಲಕೋಟೆಯಲ್ಲಿಟ್ಟು ಮಾಲೀಕರ ತಿಜೋರಿಯಲ್ಲಿಡುವುದು ಹಳೆಯ ಕ್ರಮವಾದರೂ ಒಳ್ಳೆಯ ಕ್ರಮ.

ಇನ್ನು ಗಂಟೆಯ ವಿಚಾರ. ‘ತೋಳ ಬಂತು ತೋಳ’ ಎಂದು ಕೂಗಿದ ಹುಡುಗನ ಕಥೆ ನಮಗೆಲ್ಲ ಗೊತ್ತು. ತಂತ್ರಾಂಶವನ್ನು ಹಾಕಿದ ಮೊದಲ ವಾರ ಎಲ್ಲರೂ ಸಂದೇಶಗಳನ್ನು ಓದುತ್ತಾರೆ. ದಿನಕ್ಕೆ ಇನ್ನೂರು ಬರತೊಡಗಿದಾಗ ಯಾರೂ ಓದುವುದಿಲ್ಲ. ಇದು ಸಿಬ್ಬಂದಿಯ ಸೋಮಾರಿತನವಲ್ಲ, ವ್ಯವಸ್ಥೆಯ ದೋಷ. ಮುಖ್ಯ ಸ್ವಿಚ್ ಒಂದು ನಿಂತರೆ ಅದರ ಹಿಂದಿರುವ ಮೂವತ್ತು ಉಪಕರಣಗಳ ಬಗ್ಗೆಯೂ ಮೂವತ್ತು ಸಂದೇಶಗಳು ಬರುತ್ತವೆ. ಯಾವುದು ಯಾವುದನ್ನು ಅವಲಂಬಿಸಿದೆಯೆಂದು ಮೊದಲೇ ದಾಖಲಿಸಿದ್ದರೆ ಒಂದೇ ಸಂದೇಶ ಬರುತ್ತಿತ್ತು. ಆಯುಧಪೂಜೆಯ ರಜೆಗೆ ಯಂತ್ರಗಳನ್ನು ನಾವೇ ನಿಲ್ಲಿಸಿದಾಗಲೂ ತಂತ್ರಾಂಶವು ಬೊಬ್ಬೆಯಿಡುತ್ತದೆ. ಆ ಅವಧಿಯನ್ನು ನಿರ್ವಹಣಾ ಬಿಡುವೆಂದು ಗುರುತಿಸಿದರೆ ಸುಮ್ಮನಿರುತ್ತದೆ.

ಡಿಸ್ಕ್ ಶೇಕಡಾ 80ರಷ್ಟು ತುಂಬಿದರೆ ಬೆಳಗ್ಗೆ ಇ-ಮೇಲ್ ಸಾಕು. ಬಿಲ್ಲಿಂಗ್ ಸರ್ವರ್ ನಿಂತರೆ ಮಧ್ಯರಾತ್ರಿಯಾದರೂ ಫೋನ್ ಮೊಳಗಬೇಕು. ಹದಿನೈದು ನಿಮಿಷಗಳಲ್ಲಿ ಮೊದಲನೆಯವರು ಒಪ್ಪಿಕೊಳ್ಳದಿದ್ದರೆ ಎರಡನೆಯವರಿಗೆ, ಅವರೂ ಓಗೊಡದಿದ್ದರೆ ವ್ಯವಸ್ಥಾಪಕರಿಗೆ ಸಂದೇಶ ಹೋಗುವಂತಿರಬೇಕು. ಇಂಟರ್‌ನೆಟ್ ಸಂಪರ್ಕವೇ ಕಡಿದಾಗ ಇ-ಮೇಲ್ ಹೊರಗೆ ಹೋಗದೆಂಬುದು ಬಹಳ ಮಂದಿಗೆ ಹೊಳೆಯುವುದಿಲ್ಲ. ಸಿಮ್ ಹಾಕಿದ ಮೋಡೆಮ್ ಮೂಲಕ ಎಸ್ಸೆಮ್ಮೆಸ್ ಕಳುಹಿಸುವ ಪ್ರತ್ಯೇಕ ದಾರಿ ಇರಲೇಬೇಕು.

ಕಾನೂನಿನ ಒತ್ತಾಯವೂ ಇದೆ. ಭಾರತ ಸರ್ಕಾರದ ಸೆರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಸೈಬರ್ ಘಟನೆಗಳು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು; ದಾಖಲೆಗಳನ್ನು 180 ದಿನಗಳ ಕಾಲ ಕಾಪಿಡಬೇಕು. ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗೆ ಅದೇ ವರ್ಷದ ಸೆಪ್ಟೆಂಬರ್‌ವರೆಗೆ ಕಾಲಾವಕಾಶ ಸಿಕ್ಕಿತ್ತು, ವಿನಾಯಿತಿ ಸಿಗಲಿಲ್ಲ. ಶನಿವಾರ ರಾತ್ರಿಯ ಸಂದೇಶವನ್ನು ಸೋಮವಾರ ಓದುವ ಕಚೇರಿಯು ಕಳ್ಳನಿಗೆ ಇಡೀ ಭಾನುವಾರವನ್ನು ಬಿಟ್ಟುಕೊಟ್ಟಂತೆ. ಎಲ್ಲರೂ ‘ಅಡ್ಮಿನ್’ ಎಂದೇ ಒಳಹೋಗಿದ್ದರೆ, 180 ದಿನಗಳ ದಾಖಲೆಯಿದ್ದೂ ತಪ್ಪು ಯಾರದೆಂದು ಹೇಳಲಾಗದು.

‘ನಮ್ಮದು ಹದಿನೈದು ಗಣಕಗಳ ಸಣ್ಣ ಘಟಕ, ಇರುವುದು ಒಬ್ಬನೇ ತಂತ್ರಜ್ಞ; ಇಷ್ಟೆಲ್ಲ ನಮಗೇಕೆ?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಆದರೆ ಒಬ್ಬನೇ ಇರುವಲ್ಲಿ ಅಪಾಯ ಹೆಚ್ಚು. ಅವನು ಊರಿಗೆ ಹೋದ ದಿನ ಗಂಟೆ ಕೇಳುವವರಿಲ್ಲ. ಅವನು ಕೆಲಸ ಬಿಟ್ಟ ದಿನ ಬೀಗದ ಕೈಯೂ ಅವನೊಡನೆ ಹೋಗುತ್ತದೆ. ಅವನ ಪ್ರಾಮಾಣಿಕತೆಯ ಮೇಲೆ ಸಂಶಯಪಟ್ಟು ಈ ಮಾತು ಹೇಳುತ್ತಿಲ್ಲ. ಎಲ್ಲ ಹೊಣೆಯೂ ಒಬ್ಬನ ಹೆಗಲ ಮೇಲಿರುವುದು ಅವನಿಗೂ ಕ್ಷೇಮವಲ್ಲ. ಮೇಲೆ ಹೇಳಿದ ಬಹುಪಾಲು ಸೌಲಭ್ಯಗಳು ಉಚಿತ ತಂತ್ರಾಂಶಗಳಲ್ಲಿಯೂ ಇವೆ. ತಗಲುವುದು ತಿಂಗಳಿಗೆ ಮಾಲೀಕರ ಒಂದು ಗಂಟೆ.

ಆ ಒಂದು ಗಂಟೆಯಲ್ಲಿ ಮಾಡಬೇಕಾದುದು ಇಷ್ಟೇ. ಖಾತೆಗಳ ಪಟ್ಟಿಯನ್ನು ತರಿಸಿ, ಪ್ರತಿ ಹೆಸರಿನ ಮುಂದೆ ‘ಇವರು ಈಗಲೂ ನಮ್ಮವರೇ?’ ಎಂದು ಕೇಳುವುದು. ಬಳಿಕ, ಅಷ್ಟು ಮುಖ್ಯವಲ್ಲದ ಒಂದು ಉಪಕರಣದ ತಂತಿಯನ್ನು ಮುನ್ಸೂಚನೆಯಿಲ್ಲದೆ ಕಳಚಿ, ಎಷ್ಟು ನಿಮಿಷಗಳಲ್ಲಿ ಯಾರ ಕರೆ ಬರುತ್ತದೆಂದು ಗಡಿಯಾರ ನೋಡುವುದು. ಕರೆ ಬಾರದಿದ್ದರೆ, ತಂತ್ರಾಂಶಕ್ಕೆ ಕೊಟ್ಟ ಹಣ ವ್ಯರ್ಥವೆಂದೇ ತಿಳಿಯಬೇಕು.

ನಮ್ಮ ಸಂಸ್ಥೆಯು ಸದಸ್ಯರಿಗಾಗಿ ಖಾತೆಗಳ ಮತ್ತು ಸಂದೇಶ ಸರದಿಯ ಒಂದು ಪುಟದ ಕನ್ನಡ ನಮೂನೆಯನ್ನು ಸಿದ್ಧಪಡಿಸಿ ಹಂಚುವುದು ಉಚಿತ. ಅಲ್ಲಿಯವರೆಗೆ ಕಾಯದೆ, ಸದಸ್ಯ ಬಾಂಧವರು ಈ ವಾರವೇ ಒಂದು ತಂತಿಯನ್ನು ಕಳಚಿ ನೋಡಲಿ.