ಮನಸ್ಸು ಬಾಡಿದವರಿಗೆ ಭರವಸೆಯ ಕೈಸಾಲ

ನಮ್ಮ ಗುತ್ತಿಗಾರು ಕಡೆ ಅಡಿಕೆ ಮರದ ಸೋಗೆ ಹಳದಿಯಾದರೆ ಯಾರೂ ಮರಕ್ಕೆ ಬೈಯುವುದಿಲ್ಲ. ಬುಡ ನೋಡುತ್ತೇವೆ, ತೋಟಗಾರಿಕೆ ಇಲಾಖೆಯವರನ್ನು ಕೇಳುತ್ತೇವೆ, ವಿಟ್ಲದ ಸಿಪಿಸಿಆರ್‌ಐವರೆಗೂ ಹೋಗಿ ಬರುತ್ತೇವೆ. ಅದೇ ಮನೆಯ ಮಗ ಮೂರು ವಾರದಿಂದ ಸರಿಯಾಗಿ ಉಣ್ಣದೆ, ನಿದ್ದೆ ಇಲ್ಲದೆ, ಕೋಣೆಯ ಬಾಗಿಲು ಹಾಕಿ ಕೂತರೆ ಮಾತ್ರ "ಅವನಿಗೆ ಉದಾಸೀನ", "ಈಮಾನ್ ಕಡಿಮೆ" ಅಂತ ಹೇಳಿ ಮುಗಿಸಿಬಿಡುತ್ತೇವೆ.

ಈ ತಪ್ಪು ನಮ್ಮಿಂದಲೂ ಆಗಿದೆ. ಮದ್ರಸದಲ್ಲಿ ನಮ್ಮ ಹತ್ತಿರವೇ ಕಲಿತ ಹುಡುಗನೊಬ್ಬ ಗಲ್ಫಿನ ಕೆಲಸ ಬಿಟ್ಟು ಊರಿಗೆ ಬಂದಿದ್ದ. ಒಂದು ದಿನ ಇಶಾ ನಮಾಝ್ ಕಳೆದು ಎಲ್ಲರೂ ಹೋದ ಮೇಲೆ ಹತ್ತಿರ ಬಂದು, "ಉಸ್ತಾದರೇ, ನಾನು ಯಾಕೆ ಬದುಕಿರಬೇಕು ಅಂತಲೇ ಗೊತ್ತಾಗುವುದಿಲ್ಲ" ಎಂದ. ನಾವು, "ಹಾಗೆಲ್ಲ ಹೇಳಬಾರದು, ನಿರಾಶೆ ದೊಡ್ಡ ಪಾಪ. ಐದು ಹೊತ್ತು ಜಮಾಅತ್‌ಗೆ ಬಾ, ಎಲ್ಲ ಸರಿಯಾಗ್ತದೆ" ಎಂದೆವು. ತಲೆಯಾಡಿಸಿ ಹೋದವನು ಎರಡು ತಿಂಗಳು ಮಸೀದಿ ಕಡೆಗೇ ಬರಲಿಲ್ಲ. ಕೊನೆಗೆ ಅವನ ಉಮ್ಮ ಹಠ ಹಿಡಿದು ಡಾಕ್ಟರ ಹತ್ತಿರ ಕರಕೊಂಡು ಹೋದರು. ಈಗ ಅಲ್‌ಹಂದುಲಿಲ್ಲಾಹ್, ಚೆನ್ನಾಗಿದ್ದಾನೆ. ಆಮೇಲೊಮ್ಮೆ ಅವನೇ ಹೇಳಿದ: "ಆವತ್ತು ನಿಮ್ಮ ಮಾತು ಕೇಳಿದ ಮೇಲೆ, ನಾನು ಪಾಪಿಯೂ ಹೌದು ಅಂತ ಆಯಿತು ಉಸ್ತಾದರೇ." ಆ ಮಾತು ನಮ್ಮನ್ನು ಇವತ್ತಿಗೂ ಬಿಟ್ಟಿಲ್ಲ.

ಎರಡು ದಿನದ ಬೇಜಾರನ್ನು ಡಾಕ್ಟರರು ಖಿನ್ನತೆ ಅನ್ನುವುದಿಲ್ಲ. ಎರಡು ವಾರಕ್ಕೂ ಹೆಚ್ಚು ಕಾಲ ದಿನವಿಡೀ ಮನಸ್ಸು ಕುಗ್ಗಿದ್ದು, ಯಾವುದರಲ್ಲೂ ಆಸಕ್ತಿ ಇಲ್ಲದೆ, ನಿದ್ದೆ, ಊಟ, ಕೆಲಸ ಎಲ್ಲ ಏರುಪೇರಾದರೆ ಅದು ಕಾಯಿಲೆ. ಈ ಕಾಯಿಲೆ ಮೊದಲು ಕದಿಯುವುದೇ ಭರವಸೆಯನ್ನು. ಅಮೆರಿಕದ ಮನೋವೈದ್ಯ ಆರನ್ ಬೆಕ್ 1974ರಲ್ಲಿ ನಿರಾಶೆಯನ್ನು ಅಳೆಯಲಿಕ್ಕೆಂದೇ 20 ವಾಕ್ಯಗಳ ಒಂದು ಪಟ್ಟಿ ಮಾಡಿದರು. ಜೀವಕ್ಕೆ ಅಪಾಯ ಇದೆಯೇ ಎಂದು ತಿಳಿಯಲು ನಿರಾಶೆ ಎಷ್ಟು ಆಳವಾಗಿದೆ ಎಂದು ನೋಡಬೇಕು ಅಂತ ಅವರ ಅಧ್ಯಯನಗಳು ತೋರಿಸಿದವು. ಅಂದರೆ ನಿರಾಶೆ ಕಾಯಿಲೆಯ ಲಕ್ಷಣ. ಜ್ವರ ಬಂದವನಿಗೆ "ಮೈ ಬಿಸಿ ಮಾಡಿಕೊಳ್ಳಬೇಡ" ಅಂದರೆ ಜ್ವರ ಇಳಿಯುತ್ತದೆಯೇ?

ಸೂರಃ ಯೂಸುಫ್ ನಮ್ಮ ಮಕ್ಕಳಿಗೂ ಗೊತ್ತು. ಮಗನನ್ನು ಕಳಕೊಂಡ ಯಾಕೂಬ್ (ಅ) ದುಃಖದಿಂದ ಕಣ್ಣು ಬೆಳ್ಳಗಾಗುವಷ್ಟು ಕೊರಗಿದರು. ಇನ್ನೂ ಅದನ್ನೇ ನೆನೆಸಿಕೊಂಡು ಹಾಳಾಗ್ತೀರಿ ಅಂತ ಮನೆಯವರೇ ಅಂದರು. ಅವರು ಪ್ರವಾದಿ. ಅವರ ದುಃಖವನ್ನು ಈಮಾನಿನ ಕೊರತೆ ಅಂತ ಯಾರು ಹೇಳಿಯಾರು? ಅಲ್ಲಾಹನ ಕರುಣೆಯ ಮೇಲಿನ ಆಸೆ ಬಿಡಬಾರದೆಂದು ಮಕ್ಕಳಿಗೆ ತಿಳಿಹೇಳಿದವರೂ ಅವರೇ. ಅದಕ್ಕೂ ಮೊದಲು ಒಂದು ಕೆಲಸ ಹೇಳಿದರು: ಹೋಗಿ ಯೂಸುಫರನ್ನೂ ಅವರ ತಮ್ಮನನ್ನೂ ಹುಡುಕಬೇಕು. ಕಣ್ಣೀರು, ಭರವಸೆ, ಹುಡುಕಾಟ ಮೂರೂ ಆ ಮನೆಯಲ್ಲಿ ಒಟ್ಟಿಗೇ ಇದ್ದವು.

ಕ್ರಿ.ಶ. 934ರಲ್ಲಿ ತೀರಿಕೊಂಡ ಅಬೂ ಝೈದ್ ಅಲ್ ಬಲ್ಖೀ ಎಂಬ ವಿದ್ವಾಂಸರು ದೇಹ ಮತ್ತು ಮನಸ್ಸು ಎರಡರ ಆರೋಗ್ಯದ ಬಗ್ಗೆಯೂ ಒಂದೇ ಗ್ರಂಥದಲ್ಲಿ ಬರೆದರು. ಕಾರಣ ಗೊತ್ತಿರುವ ದುಃಖ ಬೇರೆ, ಕಾರಣವೇ ತಿಳಿಯದ ದುಃಖ ಬೇರೆ, ಎರಡನೆಯದಕ್ಕೆ ದೇಹದ ಚಿಕಿತ್ಸೆಯೂ ಬೇಕು ಎಂದರು. ಸಾವಿರ ವರ್ಷದ ಹಿಂದೆ ನಮ್ಮವರು ತಿಳಿದಿದ್ದನ್ನು ನಾವು ಮರೆತೆವು.

ಹಾಗಾದರೆ ದುಆ, ಊದಿದ ನೀರು ಬೇಡವೇ ಅಂತ ಕೇಳಬಹುದು. ದುಆ ಖಂಡಿತ ಬೇಕು. ಸಕ್ಕರೆ ಕಾಯಿಲೆಯವರಿಗೂ ದುಆ ಮಾಡುತ್ತೇವೆ, ಆದರೆ ಮಾತ್ರೆ ನಿಲ್ಲಿಸಲು ಹೇಳುವುದಿಲ್ಲವಲ್ಲ. ಖಿನ್ನತೆಯ ಔಷಧಿ ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಆ ವಾರಗಳಲ್ಲೇ ರೋಗಿ "ಏನೂ ಪ್ರಯೋಜನ ಇಲ್ಲ" ಅಂತ ಬಿಟ್ಟುಬಿಡುವುದು. ಅವನಲ್ಲಿ ಭರವಸೆ ಇಲ್ಲದಾಗ ನಮ್ಮದನ್ನು ಕೈಸಾಲ ಕೊಡಬೇಕು. ದೊಡ್ಡ ಮಾತು ಬೇಡ. "ನಾಳೆ ಸುಬಹಿ ಕಳೆದು ಒಟ್ಟಿಗೆ ಚಾ ಕುಡಿಯುವ", "ಮುಂದಿನ ಸಲ ಡಾಕ್ಟರ ಹತ್ತಿರ ನಾನೂ ಬರ್ತೇನೆ" ಎಂದರೆ ಸಾಕು. ನಾಳೆ ಎಂಬುದೊಂದು ಇದೆ ಎಂದು ಅವನಿಗೆ ತಿಳಿಯಬೇಕು.

ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ, ಮೆತ್ತಗೆ ಕೇಳಬಹುದು. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ಸುಳ್ಳು. ಹೌದು ಅಂದರೆ ಒಬ್ಬಂಟಿ ಬಿಡಬಾರದು. ತೋಟದ ಮನೆಗಳಲ್ಲಿ ಕೀಟನಾಶಕ, ಕಳೆನಾಶಕಗಳಿಗೆ ಬೀಗ ಹಾಕಿ ಕೀಲಿಕೈ ಬೇರೆಯವರ ಹತ್ತಿರ ಇಡಬೇಕು. ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ ಶುರು ಮಾಡಿದ ಟೆಲಿ ಮಾನಸ್‌ನ 14416 ನಂಬ್ರಕ್ಕೆ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಮನೋವೈದ್ಯರು ಮಂಗಳವಾರಗಳಂದು ತಾಲೂಕು ಆಸ್ಪತ್ರೆಗೆ ಬರುವ 'ಮನೋಚೈತನ್ಯ' ಯೋಜನೆಯೂ ರಾಜ್ಯದಲ್ಲಿದೆ. ಸುಳ್ಯಕ್ಕೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯ ಹತ್ತಿರ ವಿಚಾರಿಸಿ.

ಮರ್ಯಾದೆಗೆ ಹೆದರಿ ಬಾಗಿಲು ಹಾಕಿಕೊಳ್ಳುವುದು ಬೇಡ. ಜಮಾಅತ್‌ನವರು, ಖತೀಬರು, ನಮ್ಮಂಥ ಮದ್ರಸದವರು ಮೊದಲು ಬಾಯಿ ಬಿಟ್ಟು ಮಾತಾಡಿದರೆ ಮನೆಯವರಿಗೂ ಧೈರ್ಯ ಬರುತ್ತದೆ. ಇನ್ನು ಯಾರಾದರೂ ಇಶಾ ಕಳೆದು ಹಿಂದೆ ಉಳಿದರೆ, ನಾವು ಉಪದೇಶ ಬದಿಗಿಟ್ಟು ಅವರ ಮಾತು ಪೂರ್ತಿ ಕೇಳುತ್ತೇವೆ. ಬೆಳಿಗ್ಗೆ ಸುಳ್ಯದ ಬಸ್ಸಿಗೆ ಅವರ ಜೊತೆ ನಾವೂ ಹತ್ತುತ್ತೇವೆ, ಇನ್‌ಶಾ ಅಲ್ಲಾಹ್.