ಬಾನಿನದು ಬಂತು, ಪಕ್ಕದೂರಿನದು ಬರಲಿಲ್ಲ

ಹುಣಸೂರು ಪಟ್ಟಣಕ್ಕೆ ಅಂಟಿಕೊಂಡ ಹಳ್ಳಿಯೊಂದರ ಮನೆಯನ್ನು ಕಲ್ಪಿಸಿಕೊಳ್ಳಿ. ಹೊಗೆಸೊಪ್ಪು ಮಾರಿದ ದುಡ್ಡು ಕೈಗೆ ಬಂದಿದೆ. ಮನೆಯ ಯಜಮಾನರು ಕೇಬಲ್ ಬಿಡಿಸಿ, ತಾರಸಿಯ ಮೇಲೆ ಹೊಸ ಡಿಶ್ ಹಾಕಿಸಿದ್ದಾರೆ. ಚಿತ್ರ ಸ್ವಚ್ಛವಾಗಿದೆ, ಚಾನೆಲ್‌ಗಳು ಎಣಿಸಲಾರದಷ್ಟಿವೆ. ಒಂಬತ್ತನೇ ತರಗತಿ ಓದುವ ಮಗಳು ತಾಲ್ಲೂಕು ಮಟ್ಟದ ಪ್ರತಿಭಾ ಕಾರಂಜಿಯಲ್ಲಿ ಜನಪದ ಗೀತೆ ಹಾಡಿ ಬಂದಿದ್ದಾಳೆ. ಪಟ್ಟಣದ ಕೇಬಲ್‌ನವರು ಅದನ್ನು ತಮ್ಮ ಲೋಕಲ್ ಚಾನೆಲ್‌ನಲ್ಲಿ ಭಾನುವಾರ ಸಂಜೆ ತೋರಿಸುತ್ತಾರೆಂದು ಶಾಲೆಯಲ್ಲಿ ಹೇಳಿದ್ದಾರೆ. ಸಂಜೆ ಐದರಿಂದಲೇ ಮನೆಮಂದಿಯೆಲ್ಲ ಟಿವಿಯ ಮುಂದೆ ಕುಳಿತಿದ್ದಾರೆ. ರಿಮೋಟು ಒತ್ತಿ ಒತ್ತಿ ಅಪ್ಪನ ಬೆರಳು ಸೋತರೂ ಆ ಚಾನೆಲ್ ಮಾತ್ರ ಸಿಗುತ್ತಿಲ್ಲ.

‘ಅಪ್ಪಾ, ದೆಹಲಿದು ಬತ್ತದೆ, ಲಂಡನ್ನಿಂದೂ ಬತ್ತದೆ. ನಮ್ಮ ಹುಣಸೂರಿಂದು ಯಾಕೆ ಬರಲ್ಲ?’

‘ಡಿಶ್ ಹಾಕ್ದೋನು ಎಲ್ಲಾ ಬತ್ತದೆ ಅಂದಿದ್ದ ಕಣವ್ವ’ ಎನ್ನುತ್ತಾರೆ ಅಪ್ಪ. ಫೋನು ಮಾಡಿದರೆ ಆತ ಹೇಳುವುದು ಒಂದೇ ಮಾತು: ‘ಅದು ಇದರಲ್ಲಿ ಬರಲ್ಲ ಸಾರ್, ಕೇಬಲ್‌ನಲ್ಲಿ ಮಾತ್ರ.’

ಆತನ ಮಾತು ಸುಳ್ಳಲ್ಲ. ಆದರೆ ಹುಡುಗಿಯ ಪ್ರಶ್ನೆಗೆ ಅದು ಉತ್ತರವೂ ಅಲ್ಲ. 36 ಸಾವಿರ ಕಿಲೋಮೀಟರ್ ಎತ್ತರದಿಂದ ಬರುವ ಚಿತ್ರವನ್ನು ಹಿಡಿಯುವ ಪೆಟ್ಟಿಗೆಗೆ ನಾಲ್ಕು ಕಿಲೋಮೀಟರ್ ಆಚೆಯದನ್ನು ಹಿಡಿಯಲು ಏಕಾಗುವುದಿಲ್ಲ? ಇದಕ್ಕೆ ಉತ್ತರ ಬೇಕಾದರೆ ಚಿತ್ರವು ಮನೆಗೆ ಬರುವ ದಾರಿಗಳನ್ನು ತಿಳಿಯಬೇಕು. ಅಂಥ ದಾರಿಗಳು ಮುಖ್ಯವಾಗಿ ಮೂರು: ನೆಲದ ಮೇಲಿನ ಗೋಪುರದಿಂದ ಆಂಟೆನಾಕ್ಕೆ, ತಂತಿಯ ಮೂಲಕ ಕೇಬಲ್‌ಗೆ, ಉಪಗ್ರಹದಿಂದ ಡಿಶ್‌ಗೆ.

ತೆಂಗಿನಮರದೆತ್ತರದ ಕಂಬ

ಮೊದಲು ಬಂದದ್ದು ಗೋಪುರದ ದಾರಿ. ಬೆಂಗಳೂರು ದೂರದರ್ಶನ ಕೇಂದ್ರ 1981ರಲ್ಲಿ ಆರಂಭವಾಯಿತು. 1984ರ ಸುಮಾರಿಗೆ ದೇಶದ ತುಂಬ ಮರುಪ್ರಸಾರ ಕೇಂದ್ರಗಳು ಎದ್ದವು. ಮೀನಿನ ಮುಳ್ಳಿನಂಥ ಅಲ್ಯೂಮಿನಿಯಂ ಆಂಟೆನಾ, ಅದರ ಕೆಳಗೊಂದು ಬೂಸ್ಟರ್, ‘ಬಂತಾ?’ ಎಂದು ಮೇಲಿನಿಂದ ಕೂಗುವವರು, ‘ಇನ್ನೂ ಸ್ವಲ್ಪ ಆ ಕಡೆ’ ಎಂದು ಕೆಳಗಿನಿಂದ ಕೂಗುವವರು: ಇಂದಿನ ವಿದ್ಯಾರ್ಥಿಗಳ ತಂದೆತಾಯಿಗಳಿಗೆ ಇದೆಲ್ಲ ಚೆನ್ನಾಗಿ ನೆನಪಿರುತ್ತದೆ.

ಆ ಕಂಬ ಅಷ್ಟೊಂದು ಎತ್ತರವೇಕೆ? ಟಿವಿ ತರಂಗಗಳು ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಸಾಗುತ್ತವೆ. ಭೂಮಿಯೋ ಗುಂಡಗಿದೆ. ಆದ್ದರಿಂದ ಸ್ವಲ್ಪ ದೂರ ಹೋದ ಮೇಲೆ ನೆಲವೇ ಅಡ್ಡ ಬರುತ್ತದೆ. ಇದಕ್ಕೊಂದು ಸರಳ ಲೆಕ್ಕವಿದೆ. ಗೋಪುರದ ಎತ್ತರದ ವರ್ಗಮೂಲಕ್ಕೆ ಮನೆಯ ಕಂಬದ ಎತ್ತರದ ವರ್ಗಮೂಲವನ್ನು ಕೂಡಿಸಿ, 4.12ರಿಂದ ಗುಣಿಸಿ. ಎತ್ತರ ಮೀಟರುಗಳಲ್ಲಿದ್ದರೆ ಉತ್ತರ ಕಿಲೋಮೀಟರುಗಳಲ್ಲಿ ಸಿಗುತ್ತದೆ. ಮೈಸೂರಿನಲ್ಲಿ 100 ಮೀಟರ್ ಎತ್ತರದ ಗೋಪುರ, ಮನೆಯ ಮೇಲೆ 9 ಮೀಟರ್ ಕಂಬ ಎಂದಿಟ್ಟುಕೊಳ್ಳೋಣ. 10 ಮತ್ತು 3 ಸೇರಿ 13, ಅದನ್ನು 4.12ರಿಂದ ಗುಣಿಸಿದರೆ ಸುಮಾರು 53 ಕಿಲೋಮೀಟರ್.

ಈಗ ನಕಾಶೆ ತೆಗೆಯಿರಿ. ಮೈಸೂರಿನಿಂದ ನೇರ ಗೆರೆ ಎಳೆದರೆ ಕೃಷ್ಣರಾಜನಗರ ಸುಮಾರು 34, ಹುಣಸೂರು 39, ಹೆಗ್ಗಡದೇವನಕೋಟೆ 42 ಕಿಲೋಮೀಟರ್ ದೂರದಲ್ಲಿವೆ. ಈ ಮೂರೂ ಲೆಕ್ಕದೊಳಗೆ ಬಂದವು. ಪಿರಿಯಾಪಟ್ಟಣ ಸುಮಾರು 60 ಕಿಲೋಮೀಟರ್. ಅಲ್ಲಿಯವರು ಅದೇ ಗೋಪುರದ ಚಿತ್ರ ನೋಡಬೇಕಾದರೆ 21 ಮೀಟರ್ ಎತ್ತರದ ಕಂಬ, ಅಂದರೆ ಒಂದು ಒಳ್ಳೆಯ ತೆಂಗಿನಮರದಷ್ಟು ಎತ್ತರದ್ದು ನಿಲ್ಲಿಸಬೇಕು! ಇದು ಬಯಲು ಸೀಮೆಯ ಲೆಕ್ಕ. ನಡುವೆ ದಿಣ್ಣೆ, ಗುಡ್ಡ, ಕಾಡು ಬಂದರೆ ಲೆಕ್ಕ ತಪ್ಪುತ್ತದೆ. ಕೋಟೆ ತಾಲ್ಲೂಕಿನ ಕಾಡಂಚಿನ ಊರುಗಳವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಸನದ ಕಣ್ಣಳತೆಯಲ್ಲಿ

ಗುಡ್ಡ ಅಡ್ಡ ಬರಬಾರದು ಎಂದರೆ ಗೋಪುರ ಎಷ್ಟು ಎತ್ತರವಿರಬೇಕು? ಈ ಯೋಚನೆಯ ಕೊನೆಯಲ್ಲಿ ಸಿಗುವುದೇ ಉಪಗ್ರಹ. ಇದರಲ್ಲಿ ಕರ್ನಾಟಕದ ಹಳ್ಳಿಗಳಿಗೆ ಹಳೆಯ ಪರಿಚಯವಿದೆ. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಪಾಠ ಮತ್ತು ಕೃಷಿ ಕಾರ್ಯಕ್ರಮಗಳು ನೇರವಾಗಿ ಬಂದವು. ‘ಸೈಟ್’ ಎಂಬ ಆ ಪ್ರಯೋಗದಲ್ಲಿ ಕರ್ನಾಟಕವೂ ಸೇರಿತ್ತು. ಆಗಿನ ತಂತಿಬಲೆಯ ಡಿಶ್ಶು ಮೂರು ಮೀಟರ್ ಅಗಲ. ಇಂದಿನದು ರೊಟ್ಟಿ ಹೆಂಚಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ.

ದೂರದರ್ಶನದ ಉಚಿತ ಸೇವೆ ‘ಡಿಡಿ ಫ್ರೀ ಡಿಶ್’ ಬರುವುದು ಜಿಸ್ಯಾಟ್-15 ಎಂಬ ಉಪಗ್ರಹದಿಂದ. 2015ರ ನವೆಂಬರ್‌ನಲ್ಲಿ ಹಾರಿದ ಇದು ಸಮಭಾಜಕದ ಮೇಲೆ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಭೂಮಿಯ ವೇಗಕ್ಕೆ ಸರಿಯಾಗಿ ಸುತ್ತುತ್ತ ನಿಂತಂತೆ ಕಾಣುತ್ತದೆ. ಇಂಥ ಭೂಸ್ಥಿರ ಉಪಗ್ರಹಗಳನ್ನು ಹದ್ದುಬಸ್ತಿನಲ್ಲಿಡುವ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರವಿರುವುದು ಕೃಷ್ಣರಾಜನಗರದ ನೆರೆಯ ಹಾಸನದಲ್ಲೇ. ಈ ನಾಲ್ಕು ತಾಲ್ಲೂಕುಗಳಿಂದ ಆ ಉಪಗ್ರಹವನ್ನು ನೋಡಬೇಕಾದರೆ ಆಗ್ನೇಯಕ್ಕೆ ಮುಖ ಮಾಡಿ, ನೆಲದಿಂದ ಸುಮಾರು 65 ಡಿಗ್ರಿ ಮೇಲಕ್ಕೆ ಕತ್ತೆತ್ತಬೇಕು. ಅಷ್ಟು ಎತ್ತರಕ್ಕೆ ಯಾವ ಗುಡ್ಡವೂ ಅಡ್ಡ ಬರುವುದಿಲ್ಲ. ಅಡ್ಡ ಬಂದರೆ ಮನೆಯ ಪಕ್ಕದ ಮಾವಿನ ಮರವೇ ಬರಬೇಕು. ಆದ್ದರಿಂದಲೇ ಪಿರಿಯಾಪಟ್ಟಣಕ್ಕೂ ಕೋಟೆಯ ಕಾಡಂಚಿಗೂ ಮೈಸೂರಿನಷ್ಟೇ ಸ್ವಚ್ಛ ಚಿತ್ರ ದೊರಕಿತು. ಇದು ಸಣ್ಣ ಉಪಕಾರವಲ್ಲ.

ಪೆಟ್ಟಿಗೆಯೊಳಗಿನ ಜರಡಿ

ಹಾಗಾದರೆ ಪಕ್ಕದ ಊರಿನದು ಏಕೆ ಬರುವುದಿಲ್ಲ? ಮೊದಲ ಕಾರಣ ತರಂಗಗಳ ಆವೃತ್ತಿ. ಹಳೆಯ ಆಂಟೆನಾ ಹಿಡಿಯುತ್ತಿದ್ದುದು 200 ಮೆಗಾಹರ್ಟ್ಸ್ ಆಸುಪಾಸಿನ, ಇಲ್ಲವೇ 470ರಿಂದ ಮೇಲಿನ ತರಂಗಗಳನ್ನು. ಕೇಬಲ್ ತಂತಿಯಲ್ಲಿ ಹರಿಯುವುದು ಸುಮಾರು 50ರಿಂದ 860 ಮೆಗಾಹರ್ಟ್ಸ್. ಡಿಶ್‌ಗೆ ಬರುವುದು 10,700ರಿಂದ 12,750 ಮೆಗಾಹರ್ಟ್ಸ್. ಇಷ್ಟು ಹೆಚ್ಚಿನ ಆವೃತ್ತಿಯ ತರಂಗವು ಮಾಮೂಲಿ ತಂತಿಯಲ್ಲಿ ತಾರಸಿಯಿಂದ ಕೆಳಗಿಳಿಯುವಷ್ಟರಲ್ಲಿ ಸೊರಗಿ ಹೋಗುತ್ತದೆ. ಅದಕ್ಕಾಗಿ ಡಿಶ್ಶಿನ ಮುಂದೆ ಚಾಚಿಕೊಂಡಿರುವ ಎಲ್‌ಎನ್‌ಬಿ ಎಂಬ ಗುಬುಟು ಒಂದು ಕಳೆಯುವ ಲೆಕ್ಕ ಮಾಡುತ್ತದೆ. 11,090ರ ತರಂಗ ಬಂದರೆ ಅದರಲ್ಲಿ 9,750 ಕಳೆದು 1,340 ಮಾಡಿ ಕೆಳಗೆ ಕಳಿಸುತ್ತದೆ. ಹೀಗೆ ಇಳಿದು ಬಂದುದನ್ನು ಹಿಡಿಯಲು ಪೆಟ್ಟಿಗೆಯೊಳಗಿನ ಟ್ಯೂನರ್ 950ರಿಂದ 2,150 ಮೆಗಾಹರ್ಟ್ಸ್‌ವರೆಗೆ ಮಾತ್ರ ಕಿವಿ ತೆರೆದಿರುತ್ತದೆ. ಟ್ಯೂನರ್ ಎಂದರೆ ಒಂದು ಜರಡಿ. ರಾಗಿಯ ಜರಡಿಯಲ್ಲಿ ಅವರೆಕಾಳು ಸೋಸಲು ಹೋದರೆ ಏನಾಗುತ್ತದೆಯೋ, ಆಂಟೆನಾದ ಇಲ್ಲವೇ ಕೇಬಲ್‌ನ ತಂತಿಯನ್ನು ಡಿಶ್ ಪೆಟ್ಟಿಗೆಗೆ ಸಿಕ್ಕಿಸಿದರೂ ಅದೇ ಆಗುತ್ತದೆ.

ಎರಡನೆಯ ಕಾರಣ ಭಾಷೆ. ಕಬಿನಿಯ ಆಚೆ ದಡದಲ್ಲಿರುವವರನ್ನು ಕರೆಯುವಾಗ ಒಂದೊಂದೇ ಪದವನ್ನು ಬಿಡಿಸಿ, ಎಳೆದು ಕೂಗುತ್ತೇವೆ. ಜಗುಲಿಯಲ್ಲಿ ಪಕ್ಕದಲ್ಲೇ ಕುಳಿತವರೊಡನೆ ಬಡಬಡನೆ ಮಾತಾಡುತ್ತೇವೆ. ಉಪಗ್ರಹದ ಸಂಕೇತ ದೂರದಿಂದ ಬರುವುದರಿಂದ ತೀರಾ ಕ್ಷೀಣ. ಅದಕ್ಕೆ ಬಿಡಿಬಿಡಿಯಾದ, ಸರಳವಾದ ಗುರುತುಗಳೇ ಬೇಕು. ಕೇಬಲ್ ತಂತಿಯಲ್ಲಿ ಗದ್ದಲ ಕಡಿಮೆ. ಅಲ್ಲಿ ಗುರುತುಗಳನ್ನು ಒತ್ತೊತ್ತಾಗಿ ತುಂಬಬಹುದು. ಗೋಪುರದ ಡಿಜಿಟಲ್ ಪ್ರಸಾರದ್ದು ಮೂರನೆಯ ಬಗೆ. ಒಂದನ್ನು ಓದಲು ಕಲಿತ ಪೆಟ್ಟಿಗೆಗೆ ಇನ್ನೊಂದು ಅರ್ಥವಾಗುವುದಿಲ್ಲ.

ಮೂರೂ ಟ್ಯೂನರುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಇಟ್ಟರೆ ಆಗದೇ? ಆಗುತ್ತದೆ. ಅಮೆರಿಕದಲ್ಲಿ 2000ದ ದಶಕದ ಮಧ್ಯದಲ್ಲಿ ಬಂದ ಕೆಲವು ಉಪಗ್ರಹ ಪೆಟ್ಟಿಗೆಗಳೊಳಗೆ ಸ್ಥಳೀಯ ಚಾನೆಲ್‌ಗಳ ಆಂಟೆನಾ ಟ್ಯೂನರ್ ಕೂಡ ಇತ್ತು. ಮುಂದಿನ ಮಾದರಿಗಳಲ್ಲಿ ಅದನ್ನು ಕೈಬಿಟ್ಟು, ಬೇಕಾದವರು ಬೇರೊಂದು ಪೆಟ್ಟಿಗೆ ಕೊಂಡು ಜೋಡಿಸಿಕೊಳ್ಳಲಿ ಎಂದರು. ಪ್ರತಿ ಪೆಟ್ಟಿಗೆಯ ಮೇಲೂ ಖರ್ಚು ಬೀಳುತ್ತದೆ, ಬಳಸುವವರು ಎಲ್ಲರೂ ಅಲ್ಲ. ನಮ್ಮಲ್ಲಂತೂ ಆಂಟೆನಾಕ್ಕೆ ಚಿತ್ರ ಕಳಿಸುವ ಗೋಪುರಗಳೇ ಮುಚ್ಚಿದವು. ಹಳೆಯ ಅನಲಾಗ್ ಪ್ರಸಾರವನ್ನು 2022ರ ಮಾರ್ಚ್ ವೇಳೆಗೆ, ಆಯಕಟ್ಟಿನ ಜಾಗಗಳ ಸುಮಾರು 50 ಕೇಂದ್ರಗಳನ್ನು ಬಿಟ್ಟು, ನಿಲ್ಲಿಸುವುದಾಗಿ ಪ್ರಸಾರ ಭಾರತಿ 2021ರಲ್ಲಿ ಪ್ರಕಟಿಸಿತು.

ಊರಿನ ಸುದ್ದಿ ಯಾರ ಪಾಲು?

ಉಪಗ್ರಹಕ್ಕೇ ಹುಣಸೂರಿನ ಚಾನೆಲನ್ನೂ ಹತ್ತಿಸಿದರೆ ಹೇಗೆ? ಇಲ್ಲೊಂದು ತೊಡಕಿದೆ. ಕೇಬಲ್‌ನ ತಂತಿ ಪಟ್ಟಣದ ಎಲ್ಲೆಗೆ ನಿಲ್ಲುತ್ತದೆ. ದೇಶಕ್ಕೆಲ್ಲ ಪ್ರಸಾರ ಮಾಡುವ ಉಪಗ್ರಹದ ಕಿರಣಕ್ಕೆ ಅಂಥ ಎಲ್ಲೆಯಿಲ್ಲ. ಹುಣಸೂರಿನ ನೀರು ಬಿಡುವ ಸಮಯ, ಕರೆಂಟು ಹೋಗುವ ಸಮಯ ಕಾಶ್ಮೀರದ ತಾರಸಿಗಳ ಮೇಲೂ ಸುರಿಯುತ್ತದೆ. ಉಪಗ್ರಹದಲ್ಲಿರುವ ಜಾಗವೋ ಅಳತೆಯದು. ಫ್ರೀ ಡಿಶ್‌ನಲ್ಲಿ ಖಾಸಗಿ ಚಾನೆಲ್‌ಗಳಿಗೆ ಜಾಗ ಹರಾಜಾಗುತ್ತದೆ. ಬೆಲೆ ಕೋಟಿ ರೂಪಾಯಿಗಳ ಲೆಕ್ಕ. ಹೊಗೆಸೊಪ್ಪಿನ ಹರಾಜು ಕಟ್ಟೆ ಕಂಡವರಿಗೆ ಹರಾಜಿನ ರೀತಿ ಗೊತ್ತು: ದೊಡ್ಡ ಕೂಗಿನವನದೇ ಮಾಲು. ಶಾಲಾ ಹುಡುಗಿಯ ಹಾಡನ್ನು ಅಲ್ಲಿ ಕೂಗಿ ಕೊಳ್ಳುವವರು ಯಾರು?

ಹಾಗೆಂದು ಡಿಶ್ ಬೇಡವೆನ್ನುವುದೂ ತಪ್ಪು. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಪ್ರೌಢಶಾಲೆಯ ಮಕ್ಕಳಿಗೆ ‘ಸೇತುಬಂಧ’ ಪಾಠಗಳು ಬಂದದ್ದು ದೂರದರ್ಶನದ ಚಂದನ ವಾಹಿನಿಯಲ್ಲಿ. ಮೊಬೈಲಿಗೆ ಸಿಗ್ನಲ್ಲೇ ಸಿಗದ ಕಾಡಂಚಿನ ಊರಿನಲ್ಲೂ ಡಿಶ್ ಇದ್ದ ಮನೆಯ ಮಗು ಪಾಠ ನೋಡಬಹುದಿತ್ತು. ಅದೇ ವರ್ಷ ಪ್ರಕಟವಾದ ‘ಪಿಎಂ ಇ-ವಿದ್ಯಾ’ ಯೋಜನೆ 1ರಿಂದ 12ನೇ ತರಗತಿಯವರೆಗೆ ತರಗತಿಗೊಂದು ಚಾನೆಲ್ ಕೊಟ್ಟಿತು. ಈಗ ಗಾಳಿ ಇನ್ನೊಂದು ದಿಕ್ಕಿಗೂ ಬೀಸುತ್ತಿದೆ. ಉಪಗ್ರಹದ ಟ್ಯೂನರನ್ನು ಟಿವಿಯೊಳಗೇ ಇಡುವುದಕ್ಕೆ ಭಾರತೀಯ ಮಾನಕ ಬ್ಯೂರೋ ಒಂದು ಮಾನಕವನ್ನು (ಐಎಸ್ 18112:2022) ಹೊರತಂದಿದೆ. ಅಂಥ ಟಿವಿಗೆ ಡಿಶ್ಶಿನ ತಂತಿಯನ್ನು ನೇರವಾಗಿ ಸಿಕ್ಕಿಸಿದರೆ, ಬೇರೆ ಪೆಟ್ಟಿಗೆಯಿಲ್ಲದೆಯೇ ಉಚಿತ ಚಾನೆಲ್‌ಗಳು ಬರುತ್ತವೆ. ಆದರೆ ಅದರಲ್ಲೂ ಪಟ್ಟಣದ ಕೇಬಲ್ ಚಾನೆಲ್ ಬಾರದು.

ಪಾಲಕರು ತಿಳಿಯಬೇಕಾದ್ದು ಇಷ್ಟೆ. ‘ಎಷ್ಟು ಚಾನೆಲ್ ಬರುತ್ತದೆ?’ ಎಂದು ಕೇಳುವ ಮೊದಲು ‘ನಮ್ಮ ಮನೆಗೆ ಬೇಕಾದ್ದು ಯಾವ ದಾರಿಯಲ್ಲಿ ಬರುತ್ತದೆ?’ ಎಂದು ಕೇಳಬೇಕು. ಮಕ್ಕಳ ಪಾಠದ ಚಾನೆಲ್, ಚಂದನ, ಊರಿನ ಚಾನೆಲ್ ಈ ಮೂರನ್ನೂ ಚೀಟಿಯಲ್ಲಿ ಬರೆದಿಟ್ಟುಕೊಂಡು, ಡಿಶ್ ಹಾಕುವವನ ಎದುರೇ ಒಂದೊಂದಾಗಿ ಹಾಕಿ ನೋಡಬೇಕು. ಟಿವಿಯ ಬೆನ್ನ ಮೇಲೆ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಕಿಂಡಿಗಳಿರುತ್ತವೆ. ಕೇಬಲ್ ಪೆಟ್ಟಿಗೆ ಒಂದರಲ್ಲಿ, ಡಿಶ್ ಪೆಟ್ಟಿಗೆ ಇನ್ನೊಂದರಲ್ಲಿ ಇರಬಹುದು, ಎರಡಕ್ಕೂ ಜಗಳವಿಲ್ಲ. ತಿಂಗಳ ಬಾಡಿಗೆ ಎರಡಾಗುತ್ತದೆಂದರೆ, ಫ್ರೀ ಡಿಶ್‌ಗೆ ತಿಂಗಳ ಬಾಡಿಗೆಯೇ ಇಲ್ಲ ಎಂಬುದನ್ನು ಮರೆಯಬಾರದು.

ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ. ಎಚ್.ಡಿ. ಕೋಟೆ ಸೀಮೆಯ ಸರಗೂರಿನಲ್ಲಿ ‘ಜನಧ್ವನಿ’ ಎಂಬ ಸಮುದಾಯ ಬಾನುಲಿ ಇದೆ, 90.8 ಮೆಗಾಹರ್ಟ್ಸ್‌ನಲ್ಲಿ. ಇಂಥ ಕೇಂದ್ರಗಳಿಗೆ ಸಾಮಾನ್ಯವಾಗಿ ಸಿಗುವ ಅನುಮತಿ 100 ವ್ಯಾಟ್, ಮುಟ್ಟುವ ದೂರ ಹತ್ತು ಹದಿನೈದು ಕಿಲೋಮೀಟರ್. ಆ ಕಡೆ ಹೋದಾಗ ಎಫ್‌ಎಂ ರೇಡಿಯೊ ಒಯ್ಯಿರಿ. ಎಲ್ಲಿ ದನಿ ಸ್ಪಷ್ಟ, ಯಾವ ದಿಣ್ಣೆಯ ಹಿಂದೆ ಮಂಕು, ಎಲ್ಲಿ ಮಾಯ ಎಂದು ನಕಾಶೆಯಲ್ಲಿ ಗುರುತು ಹಾಕಿ. ಗೋಪುರದ ದಾರಿ ಎಂದರೇನೆಂದು ಯಾವ ಪಾಠಕ್ಕಿಂತಲೂ ಚೆನ್ನಾಗಿ ತಿಳಿಯುತ್ತದೆ.

ಇನ್ನು ಹಾಡಿದ ಹುಡುಗಿ? ಅವಳ ಅಪ್ಪ ರಿಮೋಟು ಕೆಳಗಿಟ್ಟು, ಎಲ್ಲರನ್ನೂ ಎಬ್ಬಿಸಿಕೊಂಡು ಕೇಬಲ್ ಇರುವ ಪಕ್ಕದ ಮನೆಗೆ ಹೊರಡುವುದೇ ಸರಿ. ಹಾಡು ಶುರುವಾಗಲು ಇನ್ನೂ ಹತ್ತು ನಿಮಿಷವಿದೆ.