ಭಟ್ಟಿ ಬೇಡ, ಮೊದಲು ಮಣ್ಣು ಬರಲಿ

ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಕಲಬುರಗಿ ಸೀಮೆಯ ಮಕ್ಕಳಿಗೆ ಮಣ್ಣಿನ ಹದ ಹೊಸದಲ್ಲ. ಹಬ್ಬ ಮುಗಿದ ಮೇಲೆ ಮಾತ್ರ ಅದೇ ಮಣ್ಣು ಶಾಲೆಯ ಗೇಟಿನಾಚೆ ಉಳಿಯುತ್ತದೆ. ವಿದ್ಯುತ್ ಭಟ್ಟಿಗೆ, ತಿಗರಿಗೆ ಹಣವಿಲ್ಲ ಎಂಬ ಕಾರಣ ಸಿದ್ಧವಾಗಿಯೇ ಇರುತ್ತದೆ. ಆದರೆ 6ರಿಂದ 8ನೇ ತರಗತಿಯವರಿಗೆ ಇವೆರಡೂ ಮೊದಲ ಅಗತ್ಯವೇ ಅಲ್ಲ. ಸುಡದ ಮಣ್ಣನ್ನು ನೀರಲ್ಲಿ ನೆನೆಸಿ ಮತ್ತೆ ಮಿದ್ದರೆ ವರ್ಷವಿಡೀ ಕಲಿಸಬಹುದು.

ನಗರದ ಸುತ್ತ ಎರೆಮಣ್ಣು. ಕೆಂಪು ಬಾಳೆಗೆ ಹೆಸರಾದ ಕಮಲಾಪುರದಲ್ಲಿ ಕೆಮ್ಮಣ್ಣು. ಎರಡರಿಂದಲೂ ಹಲ್ಲೆ ತಟ್ಟಿ, ಹಸಿಯಿದ್ದಾಗಲೇ 10 ಸೆಂ.ಮೀ. ಗೆರೆ ಕೊರೆದು, ಒಣಗಿದ ಮೇಲೆ ಅಳೆಯಲಿ. ಎಷ್ಟು ಕುಗ್ಗಿತು ಎಂಬುದೇ ಶೇಕಡಾ ಲೆಕ್ಕ. ನೀರು ಕುಡಿದು ಉಬ್ಬುವ ಎರೆಮಣ್ಣು ಒಣಗುವಾಗ ಬಿರಿಯುತ್ತದೆ, ಮರಳು ಬೆರೆಸಿದರೆ ಬಿರುಕು ತಗ್ಗುತ್ತದೆ. ಎಷ್ಟು ಮರಳು ಎಂಬುದನ್ನು ಮಕ್ಕಳೇ ಮಾಡಿ ನೋಡಬೇಕು. ಬಿರಿದ ಹಲ್ಲೆಯೂ ಇಲ್ಲಿ ಪಾಠವೇ. ವರ್ಷಕ್ಕೊಮ್ಮೆ ಸುಡಲು ಸಮೀಪದ ಕುಂಬಾರರ ಆವಗೆಯಲ್ಲಿ ಒಂದಿಷ್ಟು ಜಾಗ ಸಾಕು. ಚೆನ್ನಾಗಿ ಗಾಳಿಯಾಡಿದರೆ ಕಬ್ಬಿಣದಂಶದ ಮಣ್ಣು ಕೆಂಪಾಗುತ್ತದೆ, ಹೊಗೆ ಕಟ್ಟಿದರೆ ಕಪ್ಪಾಗುತ್ತದೆ. ಇದಕ್ಕಿಂತ ಅಗ್ಗದ ರಸಾಯನಶಾಸ್ತ್ರ ಪ್ರಯೋಗಾಲಯ ಎಲ್ಲಿದೆ?

ಅಪಾಯದ ಮಾತು ನಿಜ. ಹಸಿ ಉಳಿದ ದಪ್ಪ ಗೊಂಬೆ ಬೆಂಕಿಯಲ್ಲಿ ಆವಿಯ ಒತ್ತಡಕ್ಕೆ ಸಿಡಿಯುತ್ತದೆ. ಒಣ ಮಣ್ಣಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಆದ್ದರಿಂದ ತೆಳುವಾಗಿ ಮಾಡಿಸಬೇಕು, ಪೂರ್ತಿ ಒಣಗಿಸಬೇಕು, ಕೋಣೆಯನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು, ಬೆಂಕಿಯ ಬಳಿ ದೊಡ್ಡವರೇ ನಿಲ್ಲಬೇಕು. ಸೀಸವಿರಬಹುದಾದ ಮೆರುಗಿನ ಗೊಡವೆಯೇ ಬೇಡ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಜಾತಿಯದು: ಓದಬೇಕಾದ ಮಕ್ಕಳನ್ನು ಕುಲಕಸುಬಿಗೆ ತಳ್ಳಿದಂತಾಗದೇ? ಕುಂಬಾರರ ಮಕ್ಕಳಿಗಷ್ಟೇ ಕಲಿಸಿದರೆ ಖಂಡಿತ ಹೌದು. ವಕೀಲರ ಮಗಳೂ ಕೂಲಿಕಾರರ ಮಗನೂ ಒಂದೇ ಮುದ್ದೆಯನ್ನು ಮಿದಿಯುವಾಗ, ಕುಂಬಾರರು ಗೌರವಧನ ಪಡೆದು ಗುರುವಿನ ಜಾಗದಲ್ಲಿ ನಿಂತಾಗ, ನಡೆಯುವುದು ಅದಕ್ಕೆ ತಿರುಗುಮುರುಗು. ಅವರನ್ನು ಪುಕ್ಕಟೆ ಕರೆಸುವುದಾದರೆ ಈ ಯೋಜನೆಯೇ ಬೇಡ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಇದೇ ತರಗತಿಗಳಿಗೆ ಬ್ಯಾಗಿಲ್ಲದ 10 ದಿನ ಹೇಳಿ, ಮಕ್ಕಳು ಯಾರ ಬಳಿ ಕಲಿಯಬೇಕೆಂಬ ಪಟ್ಟಿಯಲ್ಲಿ ಕುಂಬಾರರನ್ನೂ ಹೆಸರಿಸಿದೆ. ಆ ನೀತಿಯ ಬಗ್ಗೆ ನಮ್ಮ ರಾಜ್ಯದ ತಕರಾರು ಏನೇ ಇರಲಿ, ಈ ಒಂದು ಮಾತನ್ನು ಒಪ್ಪಲು ಅಡ್ಡಿಯಿಲ್ಲ. ಶಾಲಾಭಿವೃದ್ಧಿ ಸಮಿತಿಗಳು ಭಟ್ಟಿಯ ದರಪಟ್ಟಿ ತರಿಸುವ ಮೊದಲು, ಕುಂಬಾರರಿಗೆ ಕೊಡುವ ದಿನದ ಗೌರವಧನವನ್ನು ನಿಗದಿ ಮಾಡಲಿ.